ವಣಿಗಾಪದುತ್ತರಣಶಾಸ್ತ್ರ ಪ್ರವೇಶಿಕೆ

ಪ್ರಥಮ ಅಧಿಕರಣ: ಅನುಬಂಧ ಚತುಷ್ಟಯ

ಯಾವುದೇ ಶಾಸ್ತ್ರವು ತನ್ನ ವಿಷಯ, ಪ್ರಯೋಜನ, ಸಂಬಂಧ ಮತ್ತು ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಆರಂಭದಲ್ಲಿಯೇ ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಮರ್ಯಾದೆ. ತದನುಸಾರವಾಗಿ, ಆಪತ್ತಿನಿಂದ ಮುಚ್ಚಿದ ಅಂಗಡಿಯು ಪುನಃ ಶಟರ್ ಎತ್ತುವ ಕ್ರಮವೇ ಇಲ್ಲಿ ವಿಷಯ. ಎತ್ತಿದ ಶಟರಿನ ಒಳಗೆ ಮಾರತಕ್ಕ ವಸ್ತು ಏನಾದರೂ ಉಳಿದಿರುವುದು ಪ್ರಯೋಜನ. ಮಳೆಗಾಲಕ್ಕೆ ಮುಂಚಿನ ಸಿದ್ಧತೆಗೂ ಮಳೆಗಾಲದ ಅನಂತರದ ಶೇಷಕ್ಕೂ ಇರುವ ಸಾಧ್ಯಸಾಧನಭಾವವೇ ಸಂಬಂಧ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ತಾಲೂಕುತ್ರಯದಲ್ಲಿ ಒಂದು ಶಟರ್, ಒಂದು ತಕ್ಕಡಿ ಮತ್ತು ಒಂದು ಸಾಲದ ಪುಸ್ತಕ ಉಳ್ಳ ವರ್ತಕರು ಉತ್ತಮಾಧಿಕಾರಿಗಳು. ಸಾಲದ ಪುಸ್ತಕವಿಲ್ಲದೆ ನಗದಿಗೆ ಮಾತ್ರ ಮಾರುವವರಿಗೆ ಕಳೆದುಕೊಳ್ಳಲು ಸಾಮಾನು ಮಾತ್ರ ಇರುವುದರಿಂದ ಅವರು ಮಂದಾಧಿಕಾರಿಗಳು. ಅವರು ಚತುರ್ಥ ಅಧಿಕರಣವನ್ನಷ್ಟೇ ಓದಿದರೆ ಸಾಕು.

ಈ ವಿಷಯದಲ್ಲಿ ಪರದೇಶೀಯ ಪರಂಪರೆಯೊಂದು ಈಗಾಗಲೇ ಇದೆಯಲ್ಲ ಎಂದು ಆಕ್ಷೇಪಿಸಬಹುದು. ಇದೆ. ಐಎಸ್‌ಒ 22301 ಎಂಬ ಮಾನಕವು 2012ರಲ್ಲಿ ಪ್ರಕಟವಾಗಿ 2019ರ ಅಕ್ಟೋಬರಿನಲ್ಲಿ ಪರಿಷ್ಕರಣಗೊಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಚಾರ್ಮಾಡಿಯ ಬುಡದಲ್ಲಿ ಗುಡ್ಡ ಜರಿದು ನೆರೆ ಬಂದದ್ದಕ್ಕೂ ಈ ಪರಿಷ್ಕರಣಕ್ಕೂ ಪೌರ್ವಾಪರ್ಯ ಮಾತ್ರವುಂಟು, ಕಾರ್ಯಕಾರಣಭಾವವಿಲ್ಲ. ಯಾವ ಕೆಲಸ ಎಷ್ಟು ಹೊತ್ತು ನಿಂತರೆ ಸಹಿಸಬಹುದು, ಅದನ್ನು ಎಷ್ಟರೊಳಗೆ ಪುನಃ ಆರಂಭಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಿಡಬೇಕೆಂದು ಆ ಗ್ರಂಥ ವಿಧಿಸುತ್ತದೆ. ಆದರೆ ಸಕ್ಕರೆ ಚೀಲವನ್ನು ಮೊದಲು ಅಟ್ಟಕ್ಕೇರಿಸಬೇಕೋ ಉಪ್ಪಿನ ಚೀಲವನ್ನೋ ಎಂಬಲ್ಲಿ ಅದು ಮೌನ ತಾಳುತ್ತದೆ. ಆ ಮೌನವೇ ಪ್ರಕೃತ ಶಾಸ್ತ್ರಾರಂಭಕ್ಕೆ ನಿಮಿತ್ತ.

ದ್ವಿತೀಯ ಅಧಿಕರಣ: ಆಪಲ್ಲಕ್ಷಣ ಮತ್ತು ಭೂತವಿಭಾಗ

ತೆರೆದಿರತಕ್ಕ ಹೊತ್ತಿನಲ್ಲಿ, ವರ್ತಕರ ಇಚ್ಛೆಗೆ ವಿರುದ್ಧವಾಗಿ, ಮಾರಾಟಕ್ಕೆ ಒದಗುವ ಪ್ರತಿಬಂಧವೇ ಆಪತ್ತು. ‘ತೆರೆದಿರತಕ್ಕ ಹೊತ್ತಿನಲ್ಲಿ’ ಎನ್ನದಿದ್ದರೆ ಪ್ರತಿ ರಾತ್ರಿಯೂ ಆಪತ್ತಾದೀತು. ‘ಇಚ್ಛೆಗೆ ವಿರುದ್ಧವಾಗಿ’ ಎನ್ನದಿದ್ದರೆ ಮಧ್ಯಾಹ್ನದ ಊಟಾನಂತರದ ನಿದ್ರೆಯಲ್ಲಿಯೂ ಊರಿನ ನೇಮೋತ್ಸವದಲ್ಲಿಯೂ ಲಕ್ಷಣವು ಅತಿವ್ಯಾಪ್ತವಾದೀತು. ಬಂದ್ ಕರೆಯ ದಿನ ಮುಚ್ಚುವುದು ಇಚ್ಛೆಯಿಂದಲೋ ಅನಿಚ್ಛೆಯಿಂದಲೋ ಎಂಬುದು ವರ್ತಕರಿಗೇ ನಿಶ್ಚಯವಿಲ್ಲದ ಕಾರಣ ಅದನ್ನು ಉಭಯಾತ್ಮಕವೆಂದು ಬಿಡಲಾಗಿದೆ.

ಆಪತ್ತು ಭೂತಭೇದದಿಂದ ಐದು ವಿಧ.

1. ಆಪ್ಯ. ನೀರಿನಿಂದ ಬರುವುದು. ಇದರ ಕ್ಷೇತ್ರ ಬಂಟ್ವಾಳ. ನೇತ್ರಾವತಿಯ ದಡಕ್ಕೆ ಬೆನ್ನು ಕೊಟ್ಟು ಬೆಳೆದ ಹಳೆಯ ಪೇಟೆ, ಬಡ್ಡಕಟ್ಟೆ, ಜಕ್ರಿಬೆಟ್ಟು, ಪಾಣೆಮಂಗಳೂರಿನ ಆಲಡ್ಕ ಇವು ಪ್ರಸಿದ್ಧ ಸ್ಥಾನಗಳು. 1923 ಮತ್ತು 1974ರ ನೆರೆಗಳು ಈ ವರ್ಗದ ಮಹೋದಾಹರಣೆಗಳು. ಒಂದು ಕಾಲಕ್ಕೆ ಸರಕನ್ನು ದೋಣಿಯಲ್ಲಿ ಬಾಗಿಲಿಗೆ ತಂದ ನದಿಯೇ ಅದನ್ನು ಬಾಗಿಲಿನಿಂದ ಒಯ್ಯುವುದೆಂಬಲ್ಲಿ ಈ ವರ್ಗದ ವೈಶಿಷ್ಟ್ಯ.

2. ಪಾರ್ಥಿವ. ಮಣ್ಣಿನಿಂದ ಬರುವುದು. ಇದರ ಕ್ಷೇತ್ರ ಬೆಳ್ತಂಗಡಿ. 2019ರ ಆಗಸ್ಟ್ 9ರಂದು ಚಾರ್ಮಾಡಿ, ನೆರಿಯ, ಮಿತ್ತಬಾಗಿಲು ಪರಿಸರದ ತೋಟಗಳ ಮೇಲೆ ಘಟ್ಟವೇ ಮರಳಾಗಿ ಇಳಿಯಿತು. ಮರದ ದಿಮ್ಮಿಗಳು ಸೇತುವೆಗಳಿಗೆ ಅಡ್ಡ ನಿಂತವು. ಆಪ್ಯದಲ್ಲಿ ಆಪತ್ತು ತಾನಾಗಿ ಇಳಿದುಹೋಗುತ್ತದೆ. ಪಾರ್ಥಿವದಲ್ಲಿ ಜೆಸಿಬಿ ತರಿಸಬೇಕು. ಇದೇ ಎರಡಕ್ಕೂ ಭೇದಕ ಧರ್ಮ.

3. ತೈಜಸ. ಇದು ಮೂರು ತಾಲೂಕಿಗೂ ಸಾಧಾರಣವಾದರೂ ಕಂಪ್ಯೂಟರ್ ಬಿಲ್ಲಿನ ಅಂಗಡಿಗಳು ಒತ್ತಾಗಿರುವ ಮೂಡುಬಿದಿರೆ ಪೇಟೆಯಲ್ಲಿ ಸುಲಕ್ಷಿತ. ಉಪಭೇದಗಳು ಮೂರು: ಬರಬಾರದಷ್ಟು ಬರುವುದು, ಅಂದರೆ ಸಿಡಿಲು; ಬರಬೇಕಾದದ್ದು ಬಾರದಿರುವುದು, ಅಂದರೆ ಕರೆಂಟು ಹೋಗುವುದು; ಬಂದೂ ಬಾರದಂತಿರುವುದು, ಅಂದರೆ ಲೋ ವೋಲ್ಟೇಜ್. ಸಿಡಿಲು ವಿದ್ಯುತ್ ತಂತಿಯಿಂದಲೂ ಇಂಟರ್‌ನೆಟ್ ಕೇಬಲ್ಲಿನಿಂದಲೂ ಪ್ರವೇಶಿಸುವುದರಿಂದ ಪ್ಲಗ್ ಒಂದನ್ನೇ ತೆಗೆದು ಕೇಬಲ್ಲನ್ನು ಮರೆತವರು ಅರ್ಧವ್ರತಿಗಳೆನಿಸುತ್ತಾರೆ. ಅವರ ಮೋಡೆಮ್ ಪೂರ್ಣವಾಗಿ ಸುಡುತ್ತದೆ.

4. ವಾಯವ್ಯ. ಗಾಳಿಗೆ ಶೀಟು ಹಾರುವುದು. ಒಬ್ಬರ ಶೀಟು ಇನ್ನೊಬ್ಬರ ಅಂಗಳದಲ್ಲಿ ಆಪತ್ತಾಗುವುದರಿಂದ ಇದು ಸ್ವಗತ, ಪರಗತ ಎಂದು ದ್ವಿವಿಧ.

5. ಆಕಾಶೀಯ. ಮೊಬೈಲಿಗೆ ರೇಂಜ್ ಇಲ್ಲದಿರುವುದು. ಶಬ್ದವು ಆಕಾಶದ ಗುಣವೆಂದು ವೈಶೇಷಿಕರು ಸಾಧಿಸಿರುವುದರಿಂದ ನೆಟ್‌ವರ್ಕ್ ನಾಶವು ಆಕಾಶದಲ್ಲಿಯೇ ಅಂತರ್ಭವಿಸುತ್ತದೆ. ಕ್ಯೂಆರ್ ಕೋಡ್ ಹಲಗೆ ಸ್ವಸ್ಥಾನದಲ್ಲಿದ್ದೂ ಹಣ ಬಾರದಿರುವುದು ಇದರ ಲಿಂಗ.

ತೃತೀಯ ಅಧಿಕರಣ: ಪ್ರಮಾಣವಿಚಾರ

ಆಪತ್ತು ಬರುತ್ತಿದೆಯೆಂದು ತಿಳಿಯುವುದು ಹೇಗೆ? ಬಂಟ್ವಾಳ ಪೇಟೆಯ ವರ್ತಕರು ಭಾಟ್ಟ ಮೀಮಾಂಸಕರಂತೆ ಆರು ಪ್ರಮಾಣಗಳನ್ನೂ ಒಪ್ಪುತ್ತಾರೆ.

1. ಪ್ರತ್ಯಕ್ಷ. ಹಿಂಬಾಗಿಲಿಗೆ ಹೋಗಿ ಹೊಳೆಯ ಮೆಟ್ಟಿಲು ನೋಡುವುದು. ‘ನೀರಿದೆ’ ಎಂಬಷ್ಟೇ ಜ್ಞಾನ ನಿರ್ವಿಕಲ್ಪಕ. ‘ನಿನ್ನೆ ಕಂಡ ಮೆಟ್ಟಿಲು ಇಂದು ಕಾಣುವುದಿಲ್ಲ’ ಎಂಬುದು ಸವಿಕಲ್ಪಕ.

2. ಅನುಮಾನ. ಹೊಳೆ ತುಂಬಿ, ಕೆಂಪಾಗಿ, ವೇಗವಾಗಿ ಹರಿಯುವುದರಿಂದ ಮೇಲೆ ಮಳೆಯಾಗಿದೆಯೆಂದು ಊಹಿಸುವುದು. ಕಾರ್ಯದಿಂದ ಕಾರಣವನ್ನೂಹಿಸುವ ಶೇಷವತ್ ಅನುಮಾನಕ್ಕೆ ವಾತ್ಸ್ಯಾಯನರು ನ್ಯಾಯಭಾಷ್ಯದಲ್ಲಿ ಕೊಟ್ಟ ಉದಾಹರಣೆಯೇ ಇದು. ಅಡ್ಡಗಟ್ಟಿನಿಂದಲೂ ನೀರು ಏರಬಹುದಲ್ಲ ಎಂಬ ಪೂರ್ವಪಕ್ಷವೂ ಅಲ್ಲಿಯೇ ಇದೆ. ಕೆಳಗೆ ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಇರುವುದರಿಂದ ಬಂಟ್ವಾಳದಲ್ಲಿ ಈ ಪೂರ್ವಪಕ್ಷಕ್ಕೆ ಇಂದಿಗೂ ಅನುಯಾಯಿಗಳಿದ್ದಾರೆ. ನೊರೆ, ಬಿದಿರು, ತೆಂಗಿನಕಾಯಿ ಇತ್ಯಾದಿ ವಿಶೇಷಗಳೊಡನೆ ಬಂದ ನೀರು ಮಳೆಯದೇ ಎಂಬುದು ಸಿದ್ಧಾಂತ.

3. ಉಪಮಾನ. ಗೋಡೆಯ ಮೇಲೆ ಕೈಯಿಟ್ಟು ‘ಎಪ್ಪತ್ತನಾಲ್ಕರಲ್ಲಿ ಇಲ್ಲಿವರೆಗೆ ಬಂದಿತ್ತು’ ಎನ್ನುವುದು. ಹೇಳುವವರ ಎತ್ತರಕ್ಕನುಗುಣವಾಗಿ ಕೈಯ ಸ್ಥಾನ ವ್ಯತ್ಯಾಸವಾಗುವುದರಿಂದ ಗೋಡೆಯಲ್ಲಿ ಗೆರೆ ಕೊರೆದಿಡುವುದು ಉಚಿತ.

4. ಶಬ್ದ. ಆಪ್ತವಾಕ್ಯ. ಮೇಲ್ಹರಿವಿನ ಉಪ್ಪಿನಂಗಡಿಯಲ್ಲಿ ಸಹಸ್ರಲಿಂಗೇಶ್ವರ ದೇವಸ್ಥಾನದೆದುರು ನೇತ್ರಾವತಿಯೂ ಕುಮಾರಧಾರೆಯೂ ಉಕ್ಕಿ ಸೇರಿದಾಗ ‘ಸಂಗಮ ಆಯ್ತು’ ಎಂದು ಬರುವ ಫೋನು ಇದರಲ್ಲಿ ಶ್ರೇಷ್ಠ. ಬಂಟ್ವಾಳದಲ್ಲಿ ಅಪಾಯದ ಮಟ್ಟ 8.5 ಮೀಟರ್ ಎಂಬ ಸರಕಾರಿ ವಾಕ್ಯ ದ್ವಿತೀಯ. ಹೋದ ವರ್ಷದ ನೆರೆಯ ವಿಡಿಯೊವನ್ನು ಈ ವರ್ಷ ಕಳಿಸುವ ವಾಟ್ಸ್ಆ್ಯಪ್ ಗುಂಪು ಅನಾಪ್ತ.

5. ಅರ್ಥಾಪತ್ತಿ. ಪಕ್ಕದ ಅಂಗಡಿಯವರು ಹಾಡುಹಗಲೇ ಶಟರ್ ಎಳೆಯುತ್ತಿದ್ದಾರೆ. ಅವರ ಮನೆಯಲ್ಲಿ ಮದುವೆಯಿಲ್ಲ. ಆದ್ದರಿಂದ ಅವರಿಗೆ ಯಾರೋ ಫೋನು ಮಾಡಿದ್ದಾರೆ.

6. ಅನುಪಲಬ್ಧಿ. ಚಾರ್ಮಾಡಿ ಇಳಿದು ಬರಬೇಕಾದ ಬಸ್ಸು ಬಾರದಿರುವುದು. ಇಲ್ಲದ ಬಸ್ಸಿನಿಂದ ಇರುವ ಕುಸಿತದ ಜ್ಞಾನವಾಗುವುದರಿಂದ ಇದು ಸ್ವತಂತ್ರ ಪ್ರಮಾಣವೇ ಸರಿ.

ಆರೂ ಒಂದಾಗಿ ನೆರೆಯನ್ನು ಸಾಧಿಸಿದ ಮೇಲೂ ಅವೆಲ್ಲವನ್ನೂ ಬಾಧಿಸುವ ಏಳನೆಯ ಜ್ಞಾನವೊಂದು ವರ್ತಕರ ಅಂತಃಕರಣದಲ್ಲಿ ಹುಟ್ಟುತ್ತದೆ. ಅದರ ಆಕಾರ: ‘ಈ ಸಲ ಅಷ್ಟು ಬರ್ಲಿಕ್ಕಿಲ್ಲ.’ ಇದು ಪ್ರಮಾಣವಲ್ಲ, ಆಶಾಭಾಸ. ನೀರಿನ ಮಟ್ಟಕ್ಕನುಸಾರವಾಗಿ ಇದಕ್ಕೆ ಮೂರು ಅವಸ್ಥೆ. ಗುಲ್ಫದಘ್ನ, ಅಂದರೆ ಪಾದದ ಗಂಟಿನವರೆಗೆ ನೀರಿರುವಾಗ: ‘ಈಗ ಇಳೀತದೆ.’ ಜಾನುದಘ್ನ, ಮೊಣಕಾಲಿನವರೆಗೆ: ‘ಇನ್ನು ಏರ್ಲಿಕ್ಕಿಲ್ಲ.’ ಕಟಿದಘ್ನ, ಸೊಂಟದವರೆಗೆ: ‘ನಾನು ಆಗಲೇ ಹೇಳಿದ್ದೆನಲ್ಲ.’ ಮೂರನೆಯ ಅವಸ್ಥೆಯಲ್ಲಿ ಪೂರ್ವದ ಎರಡೂ ಜ್ಞಾನಗಳು ಸ್ಮೃತಿಸಹಿತವಾಗಿ ನಾಶ ಹೊಂದುತ್ತವೆಂಬುದು ಗಮನಾರ್ಹ. ಈ ಆಭಾಸಕ್ಕೆ ಉಪದೇಶದಿಂದ ಪರಿಹಾರವಿಲ್ಲ. ಸಿದ್ಧತೆಯನ್ನು ಅದು ಹುಟ್ಟದ ಬಿಸಿಲುಗಾಲದಲ್ಲಿಯೇ ಮಾಡಿ ಮುಗಿಸುವುದೊಂದೇ ಉಪಾಯ.

ಚತುರ್ಥ ಅಧಿಕರಣ: ದ್ರವ್ಯವಿಚಾರ ಮತ್ತು ಆರೋಹಣಕ್ರಮ

ಜೀನಸು ಅಂಗಡಿಯ ಸಮಸ್ತ ದ್ರವ್ಯವೂ ನೆರೆಯ ನೀರಿನೊಡನೆ ನಡೆದುಕೊಳ್ಳುವ ರೀತಿಯಿಂದ ಆರು ವಿಧ.

1. ದ್ರಾವ್ಯ: ಸಕ್ಕರೆ, ಉಪ್ಪು, ಬೆಲ್ಲ. ಗೋಣಿಯನ್ನು ಉಳಿಸಿ ತಾನು ಹೋಗುವುದು ಇದರ ಸ್ವಭಾವ.

2. ಶೋಷಕ: ಕುಚ್ಚಲಕ್ಕಿ, ಅವಲಕ್ಕಿ, ಮೈದಾ, ಬೀಡಿ ಬ್ರಾಂಚಿನಲ್ಲಿದ್ದರೆ ಬೀಡಿ ಎಲೆ. ಆಪತ್ತಿನ ಅನಂತರ ತೂಕ ಹೆಚ್ಚಾಗುವ ವರ್ಗವಾದ್ದರಿಂದ ದಾಸ್ತಾನಿನ ಲೆಕ್ಕವನ್ನು ತೂಕದಿಂದ ಇಡುವವರು ಇಲ್ಲಿ ಲಾಭವನ್ನು ಕಾಣುವ ಅಪಾಯವಿದೆ.

3. ಘನೀಭಾವಿ: ಸಿಮೆಂಟು. ನೀರು ತಗಲಿದ ಸಿಮೆಂಟು ಚೀಲವು ಜಂಗಮಾಸ್ತಿಯಿಂದ ಸ್ಥಾವರಾಸ್ತಿಗೆ ಬಡ್ತಿ ಹೊಂದುತ್ತದೆ.

4. ಪ್ಲವ: ತೆಂಗಿನಕಾಯಿ, ಪ್ಲಾಸ್ಟಿಕ್ ಕೊಡಪಾನ, ಖಾಲಿ ಡಬ್ಬ. ಇವು ನಾಶವಾಗುವುದಿಲ್ಲ, ವಿಕ್ರಯವಿಲ್ಲದೆಯೇ ಕೆಳಗಿನ ಊರಿನವರ ಸ್ವತ್ತಾಗುತ್ತವೆ.

5. ವಿಲಂಬವಿಕಾರಿ: ಮೊಳೆ, ಕತ್ತಿ, ಬೀಗ. ನೆರೆಯ ದಿನ ನಿರ್ವಿಕಾರವಾಗಿದ್ದು, ಪರಿಹಾರದ ಅರ್ಜಿ ಕೊಟ್ಟ ಮೇಲೆ ತುಕ್ಕು ಹಿಡಿಯುತ್ತವೆ.

6. ನಾಮನಾಶಿ: ಮುಚ್ಚಿದ ಡಬ್ಬಗಳು. ಚೀಟಿ ತೊಳೆದುಹೋಗಿ ರೂಪ ಮಾತ್ರ ಉಳಿಯುತ್ತದೆ. ಒಳಗೆ ತೆಂಗಿನೆಣ್ಣೆಯೋ ಎಳ್ಳೆಣ್ಣೆಯೋ ಎಂಬುದು ತೆರೆಯುವವರೆಗೆ ಅನಿರ್ವಚನೀಯ.

ಆರೋಹಣಕ್ರಮವು ನಾಶವೇಗವನ್ನೂ ಮೌಲ್ಯವನ್ನೂ ಅನುಸರಿಸತಕ್ಕದ್ದು. ಸಕ್ಕರೆ ಮತ್ತು ಉಪ್ಪು ಎರಡೂ ಬೇಗನೆ ಕರಗುವವಾದರೂ ಮೌಲ್ಯಾಧಿಕ್ಯದಿಂದ ಸಕ್ಕರೆಯೇ ಮೊದಲು. ಶೋಷಕಗಳಲ್ಲಿ ಮೈದಾ, ಅವಲಕ್ಕಿ, ಅಕ್ಕಿ ಎಂಬುದು ಕ್ರಮ. ಪ್ಲವಗಳನ್ನು ಎತ್ತಬೇಕಿಲ್ಲ, ಬಲೆಯೊಳಗೆ ಕಟ್ಟಿದರೆ ಸಾಕು, ತಾವೇ ಏರುತ್ತವೆ. ಆದರೆ ಸರ್ವಕ್ಕೂ ಮೊದಲು ಏರಬೇಕಾದದ್ದು, ಆರು ವರ್ಗಗಳಲ್ಲಿ ಯಾವುದಕ್ಕೂ ಸೇರದ, ಮಾರಾಟಕ್ಕಿಲ್ಲದ, ಎಣ್ಣೆಯ ಕೈಯಿಂದ ಮೂಲೆ ಕಪ್ಪಾದ, ರಬ್ಬರ್ ಬ್ಯಾಂಡ್ ಬಿಗಿದ ಸಾಲದ ಪುಸ್ತಕ. ಏಕೆಂಬುದನ್ನು ಅಂತ್ಯದಲ್ಲಿ ಸಾಧಿಸಲಾಗುವುದು.

ಆರೋಹಣದ ಸ್ಥಾನ ಅಟ್ಟ. ಇಲ್ಲಿ ಒಂದು ಸೂಕ್ಷ್ಮವಿದೆ. ಅಟ್ಟವು ಎಂದಿಗೂ ಶೂನ್ಯವಲ್ಲ. ಹಿಂದಿನ ನೆರೆಯಲ್ಲಿ ಏರಿಸಿ ಇಳಿಸದೆ ಬಿಟ್ಟವು, ಮುರಿದ ತಕ್ಕಡಿ, ನಿಂತುಹೋದ ಬೀಡಿ ಬ್ರಾಂಚಿನ ಬೋರ್ಡು, ತೂತಾದ ಟರ್ಪಾಲು ಇವುಗಳಿಗೆ ಪೂರ್ವಾರೂಢವೆಂದು ಪರಿಭಾಷೆ. ಆದ್ದರಿಂದ ನೆರೆಯ ದಿನ ವರ್ತಕರು ಮಾಡುವ ಮೊದಲ ಕೆಲಸ ಏರಿಸುವುದಲ್ಲ, ಇಳಿಸುವುದು. ಇಳಿಸಿದ್ದನ್ನು ನೆಲದ ಮೇಲಿಟ್ಟೊಡನೆ ಏರಿಸಬೇಕಾದ ಸಕ್ಕರೆಗೆ ದಾರಿ ಅಡ್ಡವಾಗುತ್ತದೆ. ಪತ್ತನಾಜೆಯೊಳಗೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವುದಕ್ಕೆ ಮುಂಚೆ, ಅಟ್ಟವನ್ನು ಬರಿದು ಮಾಡತಕ್ಕದ್ದೆಂಬುದು ನಿತ್ಯವಿಧಿ. ಮಾಡಿದರೆ ಪುಣ್ಯವಿಲ್ಲ, ಮಾಡದಿದ್ದರೆ ಪ್ರತ್ಯವಾಯವಿದೆ.

ಪಂಚಮ ಅಧಿಕರಣ: ಘಟ್ಟಮಾರ್ಗವಿಚಾರ

ಅಂಗಡಿ ಒಣಗಿದ್ದೂ ಸರಕು ಬಾರದಿರಬಹುದು. ತಾಲೂಕುತ್ರಯಕ್ಕೆ ಘಟ್ಟದ ತರಕಾರಿ, ಈರುಳ್ಳಿ, ಬೇಳೆ ಇಳಿಯುವ ಪ್ರಧಾನ ಮಾರ್ಗಗಳು ನಾಲ್ಕು: ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ, 73ರ ಚಾರ್ಮಾಡಿ, 275ರ ಸಂಪಾಜೆ, ಮೂಡುಬಿದಿರೆಯನ್ನು ಹಾದು ಬಜಗೋಳಿಯ ಮೂಲಕ ಘಟ್ಟವೇರುವ 169. ಪ್ರತಿಯೊಂದಕ್ಕೂ ತೆರೆದ ಮತ್ತು ಮುಚ್ಚಿದ ಎಂಬ ಎರಡೆರಡು ಸ್ಥಿತಿಗಳಿರುವುದರಿಂದ ಒಟ್ಟು ಅವಸ್ಥೆಗಳು 16. ಎಲ್ಲವೂ ತೆರೆದಿರುವುದು 1, ಒಂದು ಮುಚ್ಚಿದ್ದು 4, ಎರಡು ಮುಚ್ಚಿದ್ದು 6, ಮೂರು ಮುಚ್ಚಿದ್ದು 4, ಎಲ್ಲವೂ ಮುಚ್ಚಿದ್ದು 1. ಶಿರಾಡಿ ಮತ್ತು ಸಂಪಾಜೆ ಒಟ್ಟಿಗೆ ಮುಚ್ಚಿದ 2018ರ ಆಗಸ್ಟನ್ನೂ, ಚಾರ್ಮಾಡಿ ಮುಚ್ಚಿದ 2019ರ ಆಗಸ್ಟನ್ನೂ ಈ ಪಟ್ಟಿಕೆಯಲ್ಲಿ ಬೆರಳಿಟ್ಟು ತೋರಿಸಬಹುದು. ಉಳಿದ ಮಾರ್ಗದಲ್ಲಿ ಎಲ್ಲ ಲಾರಿಗಳೂ ಒಂದಾಗುವುದರಿಂದ ತೆರೆದ ಮಾರ್ಗವೂ ಕ್ರಮೇಣ ಮುಚ್ಚಿದ ಮಾರ್ಗದ ಧರ್ಮವನ್ನು ಹೊಂದುತ್ತದೆ. ಇದಕ್ಕೆ ಧರ್ಮಸಂಕ್ರಮಣವೆಂದು ಹೆಸರು.

ಹದಿನಾರನೆಯ ಅವಸ್ಥೆಯಲ್ಲಿ ವರ್ತಕರಿಗೆ ಪ್ರತಿಸ್ಪರ್ಧಿಯಾಗಿ ಗೃಹಿಣಿಯು ಉದಯಿಸುತ್ತಾಳೆ. ಮಾಡಿನ ಪಕ್ಕಾಸಿಗೆ ಬಾಳೆನಾರಿನಿಂದ ಕಟ್ಟಿ ತೂಗಿಸಿದ ಮಂಗಳೂರು ಸೌತೆ, ಭರಣಿಯಲ್ಲಿ ಉಪ್ಪುನೀರಿಗೆ ಹಾಕಿದ ಹಲಸಿನ ಸೊಳೆ, ಡಬ್ಬದಲ್ಲಿ ಹಲಸಿನ ಹಪ್ಪಳ: ಈ ಮೂರರ ಬಲದಿಂದ ಆಕೆ ಅಂಗಡಿಯನ್ನು ಆಷಾಢವಿಡೀ ಉಪೇಕ್ಷಿಸಬಲ್ಲಳು. ಐಎಸ್‌ಒ ಪರಂಪರೆಯ ಯಾವ ಪ್ರಮಾಣಪತ್ರವೂ ಆಕೆಗಿಲ್ಲ. ಆದರೂ ಮುಂಜಾಗ್ರತಾ ದಾಸ್ತಾನು ಎಂಬ ಪದಾರ್ಥದ ಶುದ್ಧ ಲಕ್ಷಣವು ಆಕೆಯ ಮಾಡಿನಲ್ಲಿಯೇ ಲಭ್ಯ.

ಷಷ್ಠ ಅಧಿಕರಣ: ಪ್ರತಿಯ ಅಭಾವ

ಸಿಡಿಲಿಗೆ ಕಂಪ್ಯೂಟರ್ ಸುಟ್ಟಾಗ ಲೆಕ್ಕದ ಬ್ಯಾಕಪ್ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಬಹುಶಃ ಅಭಾವರೂಪದ್ದೇ. ನೈಯಾಯಿಕರು ಹೇಳಿದ ನಾಲ್ಕು ಅಭಾವಗಳೂ ಇಲ್ಲಿ ಅನ್ವಯಿಸುತ್ತವೆ.

1. ಪ್ರಾಗಭಾವ: ಬ್ಯಾಕಪ್ ಇನ್ನೂ ತೆಗೆದಿಲ್ಲ, ಮಾರ್ಚ್ ಕಳೆದ ಮೇಲೆ ತೆಗೆಯುವುದಿದೆ. ಇದು ಅನಾದಿ.
2. ಪ್ರಧ್ವಂಸಾಭಾವ: ತೆಗೆದದ್ದುಂಟು; ಅದೇ ಕಂಪ್ಯೂಟರಿನ ಡಿ ಡ್ರೈವಿನಲ್ಲಿತ್ತು. ಇದು ಅನಂತ.
3. ಅತ್ಯಂತಾಭಾವ: ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ, ಮುಂದೆಯೂ ಇರುವುದಿಲ್ಲ.
4. ಅನ್ಯೋನ್ಯಾಭಾವ: ಪೆನ್‌ಡ್ರೈವ್ ಇದೆ, ಅದರಲ್ಲಿರುವುದು ಮಗಳ ಮದುವೆಯ ಫೋಟೊ. ಪೆನ್‌ಡ್ರೈವ್ ಬ್ಯಾಕಪ್ಪಲ್ಲ, ಬ್ಯಾಕಪ್ ಪೆನ್‌ಡ್ರೈವಲ್ಲ.

ಪ್ರತಿಗಳು ಮೂರು ಇರಬೇಕು, ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು ಎಂಬುದು ಆಧುನಿಕರ ನಿಯಮ. ಬೇರೆ ಊರಿನ ಪ್ರತಿಯ ಮಹತ್ತ್ವವನ್ನು ಮೂಡುಬಿದಿರೆಗೆ ಬೋಧಿಸುವುದು ಅನಾವಶ್ಯಕ. ಜೈನ ಆಗಮದ ಮೇಲಣ ವೀರಸೇನಾಚಾರ್ಯರ ಧವಳಾ ಟೀಕೆಯು ಸಾಮಾನ್ಯವಾಗಿ ಗಣಿಸಲಾಗುವಂತೆ 816ರಲ್ಲಿ ಮುಗಿಯಿತು. ಕಾಲಾಂತರದಲ್ಲಿ ಉಳಿದೆಡೆಯ ಪ್ರತಿಗಳು ಕಾಣದಾಗಿ, ಹಳೆಗನ್ನಡ ಲಿಪಿಯ ತಾಳೆಗರಿಗಳು ಇಲ್ಲಿಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಕಲು ಆರಂಭವಾಗಿ, ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಪ್ರಕೃತ ಶಾಸ್ತ್ರದ ಪರಿಭಾಷೆಯಲ್ಲಿ ಪುನಃಪ್ರಾಪ್ತಿಯ ಅವಧಿ 1123 ವರ್ಷ. ಮೂಲಕ್ಕೆ ಹಾನಿಯಾಗದಂತೆ ಕಾದ ಕಾವಲು ಅಪೂರ್ವ. ಆದರೆ ಜಿಎಸ್‌ಟಿ ರಿಟರ್ನ್ ಸಲ್ಲಿಕೆಗೆ ಇಷ್ಟು ಅವಧಿ ಅನುಮತವಲ್ಲವಾದ್ದರಿಂದ ವರ್ತಕರು ಕಾವಲನ್ನು ಬಸದಿಯಿಂದಲೂ ವೇಗವನ್ನು ಬೇರೆಡೆಯಿಂದಲೂ ಕಲಿಯತಕ್ಕದ್ದು.

ಸಪ್ತಮ ಅಧಿಕರಣ: ವಿಮೆ

ಸಂಗ್ರಹವಾಗಿ ಹೇಳುವುದಾದರೆ, ನೆರೆಯ ನಷ್ಟಕ್ಕೆ ರಕ್ಷಣೆ ದೊರೆಯುವುದು ಅಗ್ನಿವಿಮೆಯ ಕುಲದ ಪಾಲಿಸಿಯಲ್ಲಿ. ತೇಜಸ್ಸಿನಲ್ಲಿ ಜಲವು ಅಂತರ್ಗತವೆಂಬ ಈ ಮತವು ವಿಮಾಕಾರರಿಗೆ ವಿಶಿಷ್ಟ. 5 ಕೋಟಿ ರೂಪಾಯಿ ಮೌಲ್ಯದವರೆಗಿನ ವ್ಯವಹಾರಗಳಿಗೆ 2021ರ ಏಪ್ರಿಲ್ 1ರಿಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂಬ ಸಮಾನ ಪಾಲಿಸಿ ಜಾರಿಯಲ್ಲಿದೆ. ಕ್ಲೇಮಿಗೆ ದಾಸ್ತಾನಿನ ಪುಸ್ತಕ, ಖರೀದಿ ಬಿಲ್ಲು, ಫೋಟೊ ಬೇಕು. ಇವನ್ನು ಕೆಳಗಿನ ಡ್ರಾವರಿನಲ್ಲಿಟ್ಟವರ ಸ್ಥಿತಿಗೆ ಆತ್ಮಾಶ್ರಯದೋಷವೆಂದು ಹೆಸರು: ನಷ್ಟವನ್ನು ಸಾಧಿಸಬೇಕಾದ ಸಾಕ್ಷ್ಯವೇ ನಷ್ಟದಲ್ಲಿ ಸೇರಿರುತ್ತದೆ.

ಅಷ್ಟಮ ಅಧಿಕರಣ: ಪುನರುತ್ಥಾನಾವಸ್ಥೆಗಳು ಮತ್ತು ಸಿದ್ಧಾಂತ

ಪುನರುತ್ಥಾನಕ್ಕೆ ಐದು ಅವಸ್ಥೆಗಳು.

1. ಅವತರಣ: ನೀರಿಳಿಯುವುದು. ಇಳಿಯುವ ನೀರಿನಿಂದಲೇ ಕೆಸರನ್ನು ಕಲಕಿ, ಹಿಡಿಸೂಡಿಯಿಂದ ಹೊರಗೆ ದೂಡತಕ್ಕದ್ದು. ನೀರು ಪೂರ್ತಿ ಹೋದ ಮೇಲೆ ತೊಳೆಯುವೆನೆಂದು ಕಾದವರಿಗೆ ಕೆಸರು ಸಿಮೆಂಟಿನ ವರ್ಗಕ್ಕೆ ಸೇರುತ್ತದೆ.
2. ಶೋಷಣ: ಒಣಗಿಸುವುದು. ಕರಾವಳಿಯ ಜುಲೈ ತಿಂಗಳಲ್ಲಿ ಈ ಅವಸ್ಥೆಗೆ ಅಂತ್ಯ ಕಂಡುಬಂದಿಲ್ಲ.
3. ಪ್ರದರ್ಶನ: ಹಾಳಾದದ್ದನ್ನು ಜಗಲಿಯಲ್ಲಿ ಹರಡುವುದು. ಇದು ಗ್ರಾಮ ಆಡಳಿತಾಧಿಕಾರಿಗೂ ವಿಮಾ ಸರ್ವೇಯರಿಗೂ ಏಕಕಾಲದಲ್ಲಿ ಉದ್ದಿಷ್ಟ.
4. ಬೋಣಿ: ಮೊದಲ ನಗದು ವ್ಯಾಪಾರ. ಪ್ರಾಯಃ ಫಿನಾಯಿಲ್ ಮತ್ತು ಮೇಣದಬತ್ತಿ.
5. ಉದ್ರಿ: ಮೊದಲ ಸಾಲದ ವ್ಯಾಪಾರ.

ಬೋಣಿಯಲ್ಲಿಯೇ ಪುನರುತ್ಥಾನ ಪೂರ್ಣವೆಂದು ಪೂರ್ವಪಕ್ಷಿಗಳು ಹೇಳುವರು. ಅದು ಸಾಧುವಲ್ಲ. ನಗದು ಕೊಟ್ಟವರಿಗೆ ಅಂಗಡಿ ನಾಳೆ ಇರಬೇಕೆಂಬ ಅಪೇಕ್ಷೆಯಿಲ್ಲ. ‘ಬರೆದಿಡಿ’ ಎಂದು ಹೇಳಿ ಅಕ್ಕಿ ಕೊಂಡುಹೋಗುವವರು ಮಾತ್ರ, ತಿಂಗಳ ಕೊನೆಗೂ ಅಂಗಡಿ ಅಲ್ಲಿಯೇ ಇರುತ್ತದೆಂದೂ ತಾವೂ ಇರುತ್ತೇವೆಂದೂ ಒಂದೇ ಶಬ್ದದಿಂದ ಪ್ರತಿಜ್ಞೆ ಮಾಡುತ್ತಾರೆ. ಆದ್ದರಿಂದ ಉದ್ರಿಯೇ ಪುನರುತ್ಥಾನದ ಲಕ್ಷಣ. ಬರೆಯಲು ಪುಸ್ತಕ ಬೇಕಾದ್ದರಿಂದ ಪುಸ್ತಕಕ್ಕೆ ಪ್ರಥಮಾರೋಹಣ. ಇತಿ ಸಿದ್ಧಮ್.

ಪುಸ್ತಕವೇ ಹೋದರೆ? ಆಗ ಸಾಲಗಾರರನ್ನು ವಿಭಾಗಿಸಬೇಕಾಗುತ್ತದೆ. ಕೇಳದೆಯೇ ಬಂದು ‘ನಮ್ಮದು ಇಷ್ಟಿತ್ತು’ ಎನ್ನುವವರು ಸ್ವಯಂಪ್ರಕಾಶರು. ಇನ್ನೊಬ್ಬರು ಹೇಳಿದ್ದು ಕೇಳಿ ನೆನಪಿಸಿಕೊಳ್ಳುವವರು ಪರಪ್ರಕಾಶರು. ಅಂಗಡಿಯ ಎದುರಿನ ರಸ್ತೆಯನ್ನೇ ಬಿಟ್ಟು ಸುತ್ತಿ ಹೋಗುವವರು ಅಪ್ರಕಾಶರು. ಅವರ ಸುತ್ತುದಾರಿಯ ಉದ್ದ ಬಾಕಿಯ ಮೊತ್ತಕ್ಕೆ ಅನುಪಾತದಲ್ಲಿರುವುದರಿಂದ ಅವರ ಲೆಕ್ಕವನ್ನೂ ಸ್ಥೂಲವಾಗಿ ಪುನಃಪಡೆಯಬಹುದು. ಹೀಗೆ ಬೇರೆ ಊರಿನಲ್ಲಿರತಕ್ಕ ಪ್ರತಿಯು ಊರಿನ ಮನೆಮನೆಯ ಸ್ಮೃತಿಯಲ್ಲಿ ಮೊದಲೇ ಹಂಚಿಹೋಗಿರುತ್ತದೆ. ಅದಕ್ಕೆ ಕರೆಂಟು ಬೇಡ, ಅಟ್ಟವೂ ಬೇಡ. ಅದನ್ನು ಸುಸ್ಥಿತಿಯಲ್ಲಿಡುವ ವಿಧಿ ಮಾತ್ರ ಕಠಿನ: ತೂಕದಲ್ಲಿ ಮೋಸವಿಲ್ಲದಿರುವುದು, ಮಕ್ಕಳ ಕೈಗೆ ಬೆಲ್ಲದ ತುಂಡು ಹಾಕುವುದು, ಕಷ್ಟದ ತಿಂಗಳಲ್ಲಿ ಬಾಕಿ ಕೇಳದಿರುವುದು. ಈ ನಿರ್ವಹಣೆಯನ್ನು ಮಳೆಗಾಲಕ್ಕೆ ಮುಂಚೆ ಒಂದೇ ದಿನದಲ್ಲಿ ಮಾಡಿ ಮುಗಿಸಲು ಬರುವುದಿಲ್ಲ, ವರ್ಷವಿಡೀ ಮಾಡಬೇಕು.

ಒಂದು ಅಪವಾದ ಉಳಿಯುತ್ತದೆ. ಪುಸ್ತಕದಲ್ಲಿದ್ದುದಕ್ಕಿಂತ ಹೆಚ್ಚು ಬಾಕಿಯಿತ್ತೆಂದು ಹೇಳಿ, ಹೆಚ್ಚಿನದನ್ನು ಇಟ್ಟುಕೊಳ್ಳಿರೆಂದು ಒತ್ತಾಯಿಸುವ ಸಾಲಗಾರರು ನೆರೆಯ ಅನಂತರ ಕಂಡುಬರುವುದುಂಟು. ಇವರು ಮೇಲ್ಕಂಡ ಮೂರು ವರ್ಗಗಳಲ್ಲಿ ಯಾವುದಕ್ಕೂ ಒಳಪಡುವುದಿಲ್ಲ. ನಾಲ್ಕನೆಯ ವರ್ಗವನ್ನು ಕಲ್ಪಿಸಿದರೆ ಗೌರವವಾದೀತೆಂದೂ ಲಾಘವ ಕೆಟ್ಟೀತೆಂದೂ ತಾರ್ಕಿಕರ ಆಕ್ಷೇಪವಿರುವುದರಿಂದ, ಆ ವಿಚಾರವನ್ನು ಗ್ರಂಥದ ಉತ್ತರಭಾಗಕ್ಕೆ ಮೀಸಲಿಡಲಾಗಿದೆ. ಅಲ್ಲಿಯವರೆಗೆ ಅವರ ಹಣವನ್ನು ಮುಂದಿನ ತಿಂಗಳ ಅಕ್ಕಿಗೆ ಜಮಾ ಹಾಕತಕ್ಕದ್ದು.